ಕೆಳಗಿಂದ

ಟಿಲ್ಬರ್ಗಿನ ಈ ಇಗರ್ಜಿಗೆ ಈಗ ಗಂಟೆಗೆ ಹನ್ನೊಂದು ಯೂರೊ.
ಗೋಡೆ ತುಂಬ ಗುಲಾಬಿ, ಹಳದಿ ಪ್ಲಾಸ್ಟಿಕ್ ಹಿಡಿಕೆ,
ಧೂಪದ ಜಾಗದಲ್ಲಿ ಸೀಮೆಸುಣ್ಣದ ಪುಡಿ, ಬೆವರು.

ದಿಂಫ್ನಾ ಬೂಟು ಬಾಡಿಗೆಯ ಕಟ್ಟೆ ಪಕ್ಕ ಕೂತಿದ್ದಾಳೆ,
ಮದುವೆಯುಂಗುರ ತೊಟ್ಟ ಜಾಗದಲ್ಲೇ.
ಮೊಮ್ಮಗ ಯೋರಿಸ್ ಸೊಂಟಕ್ಕೆ ಹಗ್ಗ ಬಿಗಿದು
ಹಲ್ಲಿಯ ಹಾಗೆ ಏರಿ ಏರಿ
ಚಾವಣಿಯ ದೇವದೂತನ ಮೂತಿಗೆ ಮೂತಿ ತಂದು
ಕೂಗುತ್ತಾನೆ:
‘ಅಜ್ಜೀ, ಇವನಿಗೆ ಕಣ್ಣೇ ಬರೆದಿಲ್ಲ!
ಬರೀ ಎರಡು ಕಂದು ಮಚ್ಚೆ!’

ಅರವತ್ತು ವರ್ಷ
ಆ ನೋಟಕ್ಕೆ ಅಂಜಿ
ತುಟಿಗೆ ಬಂದ ಸುಳ್ಳು ನುಂಗಿದ್ದಳು,
ಇನ್ನೊಬ್ಬನ ಕಾಗದ ಓದದೆ ಸುಟ್ಟಿದ್ದಳು.

ಕತ್ತೆತ್ತಿ ನೋಡಿದಳು.
ಇಲ್ಲಿಂದ, ಈಗಲೂ,
ನೆಟ್ಟಗೆ ಅವಳನ್ನೇ ನೋಡುತ್ತಿದೆ.

‘ಇಳಿದು ಬಾರೋ,’ ಅಂದಳು,
‘ಬಾಡಿಗೆ ಬೂಟು. ಹೊತ್ತಾಯಿತು.’