ದೂರು ಸಂಖ್ಯೆ ನಲವತ್ತೊಂದು

ಕೋಳಿ ಕೂಗದೆ ಬೆಳಗಾಗುವುದಿಲ್ಲವೇ
ಎಂದು ಕೇಳಿದವಳು ನಾನೇ,
ಪುರಸಭೆಗೆ ಬರೆದ ಕಾಗದದಲ್ಲಿ, ಕೆಳಗೆ ಸಹಿ ಸಮೇತ:
ದಿಯೊಲಿಂದಾ ಫರ್ರೂಸ್ಕೊ, ಬೇಕರಿಯ ರಾತ್ರಿಪಾಳಿ,
ಬಾವಿ ಬೀದಿ, ಮನೆ ಒಂಬತ್ತು.
ನಾಲ್ಕಕ್ಕೆ ಒಲೆ ಬಿಟ್ಟು ಬಂದು ದಿಂಬಿಗೆ ತಲೆ ಕೊಟ್ಟೆನೋ ಇಲ್ಲವೋ
ಪಕ್ಕದ ಅದೆಲಿನುವಿನ ಹುಂಜ
ಗೋಡೆಯ ಮೇಲೆ ನಿಂತು
ನನ್ನ ನಿದ್ದೆಯನ್ನು ಕಾಳು ಕಾಳಾಗಿ ಹೆಕ್ಕುತ್ತಿತ್ತು.

ಆಗಸ್ಟಿನಲ್ಲಿ ಅದೆಲಿನುವನ್ನು ಎವೋರಾದ ಆಸ್ಪತ್ರೆಗೆ ಒಯ್ದರು.
ಅಲೆಂತೇಜು ಬಯಲಿಗೆ ನಲವತ್ತನಾಲ್ಕು ಡಿಗ್ರಿ.
ಸುಣ್ಣದ ಗೋಡೆ ನೋಡಿದರೆ ಕಣ್ಣು ಉರಿ.
ನಾಯಿಗಳೂ ಬೊಗಳುವುದನ್ನು ಸಂಜೆಗೆ ಮುಂದೂಡಿದ್ದವು.
ಮೂರು ಬೆಳಗು ಕಲ್ಲಿನಂತೆ ಮಲಗಿದೆ.
ನಾಲ್ಕನೆಯ ದಿನ
ಸದ್ದಿಲ್ಲದ್ದೇ ನನ್ನನ್ನು ಎಬ್ಬಿಸಿತು.

ಏಣಿ ಹಾಕಿ ಗೋಡೆ ದಾಟಿದೆ, ಈ ಮಂಡಿಗಳನ್ನಿಟ್ಟುಕೊಂಡು.
ಬೋರಲು ಬಿದ್ದ ಬೋಗುಣಿ.
ಅಂಜೂರದ ನೆರಳು ತನ್ನ ಪಾಡಿಗೆ ಸರಿದುಹೋಗಿ
ಬಿಸಿಲಲ್ಲಿ ಯಾರೋ ಎಸೆದ ಕಾಲೊರಸಿನ ಹಾಗೆ ಅದು.
ಜುಟ್ಟು ನೇರಳೆಗಟ್ಟಿತ್ತು, ಕೊಕ್ಕು ಅರೆತೆರೆದಿತ್ತು.
ಎತ್ತಿಕೊಂಡೆ. ಅಯ್ಯೋ, ಇಷ್ಟೇನಾ?
ಅಷ್ಟು ದೊಡ್ಡ ಗಂಟಲಿಗೆ ಇಷ್ಟೇ ತೂಕ?
ನಮ್ಮ ಬೇಕರಿಯ ಎರಡು ಬ್ರೆಡ್ಡು ಇದಕ್ಕಿಂತ ಭಾರ.

ಉಗುರುಬೆಚ್ಚಗಿನ ನೀರು, ಚಿಟಿಕೆ ಉಪ್ಪು, ಸಕ್ಕರೆ ಕಣ್ಣಂದಾಜು.
ಔಷಧಿ ಅಂಗಡಿಯ ಜುಲ್ಮೀರಾ ಸೂಜಿಯಿಲ್ಲದ ಸಿರಿಂಜು ಕೊಟ್ಟು ಹೇಳಿದಳು:
ಗಂಟಲಿಗೆ ಸುರಿಯಬೇಡ, ಉಸಿರಿಗೆ ಸಿಕ್ಕರೆ ಕತೆ ಮುಗಿಯಿತು.
ಕೊಕ್ಕಿನ ಅಂಚಿಗೆ ಒಂದೇ ಹನಿ.
ಕಾಯಿ.
ಅದು ನುಂಗಿದ ಮೇಲೆ ಇನ್ನೊಂದು.

ಹನ್ನೊಂದು ವರ್ಷದಲ್ಲಿ ಮೊದಲ ರಜೆ ಕೇಳಿದೆ.
ಕಾಯಿಲೆ, ಎಂದೆ.
ಯಾರಿಗೆ?
ಪಕ್ಕದ ಮನೆಯವರಿಗೆ.
ರಾತ್ರಿಯಿಡೀ ಅಡುಗೆಮನೆಯ ತಣ್ಣನೆ ಹಾಸುಗಲ್ಲಿನ ಮೇಲೆ
ಬ್ರೆಡ್ಡಿನ ಕ್ರೇಟು, ಅದರೊಳಗೆ ಅವನು, ಎದುರಿಗೆ ನಾನು.
ಹಿಟ್ಟು ಹುದುಗುವುದನ್ನು ಕಾದು ಕಾದು ಬಲ್ಲ ಕೈ ಇದು,
ಒತ್ತಾಯಿಸಿದರೆ ಉಬ್ಬುವುದಿಲ್ಲ ಯಾವುದೂ.

ಮೂರನೆಯ ದಿನ ಪುರಸಭೆಯ ಹುಡುಗ ಬಂದ,
ಸದ್ದು ಅಳೆಯುವ ಯಂತ್ರ ಹಿಡಿದು.
"ದೂರು ಸಂಖ್ಯೆ ನಲವತ್ತೊಂದು. ಹುಂಜ ಎಲ್ಲಿ?"
ಮೇಜಿನ ಕೆಳಗೆ ತೋರಿಸಿದೆ.
ಅವನು ಮಂಡಿಯೂರಿದ, ಯಂತ್ರ ಒಡ್ಡಿದ,
ನನ್ನ ಫ್ರಿಜ್ಜಿನ ಗೊರಗೊರ ದಾಖಲಾಯಿತು.
ಯಂತ್ರ ಪಕ್ಕಕ್ಕಿಟ್ಟು, ಸಣ್ಣ ದನಿಯಲ್ಲಿ,
"ಏನಾದರೂ ತಿನ್ನುತ್ತದಾ?"
ಬುತ್ತಿಯಿಂದ ಕರಬೂಜದ ಹೋಳು ತೆಗೆದು ಮುಂದಿಟ್ಟ.
ಹುಂಜ ಒಂದು ಕಣ್ಣಲ್ಲಿ ನೋಡಿತು.
ಕತ್ತು ತಿರುಗಿಸಿ ಇನ್ನೊಂದರಲ್ಲಿ ನೋಡಿತು.
ನಾವಿಬ್ಬರೂ ಉಸಿರು ಬಿಡಲಿಲ್ಲ.
ಕುಕ್ಕಿತು.
ಅವನು ಕಾಗದದಲ್ಲಿ ಬರೆದುಕೊಂಡ: ಶಬ್ದ ಕಂಡುಬಂದಿಲ್ಲ.

ಏಳನೆಯ ದಿನವೋ ಎಂಟೋ, ಪಾಳಿ ಮುಗಿಸಿ ಬಂದಿದ್ದೆ,
ಮೊಣಕೈವರೆಗೆ ಹಿಟ್ಟು.
ಕ್ರೇಟಿನಲ್ಲಿ ಪರಪರ.
ಕತ್ತು ನಿಗುರಿತು, ಎದೆ ಉಬ್ಬಿತು,
ಹೊರಬಂದದ್ದು ಎಣ್ಣೆ ಕಾಣದ ಕೀಲಿನ ಕಿರ್ರು, ಅರ್ಧದ್ದು.
ಯಾರದು ಎಂಬಂತೆ ತಾನೇ ಸುತ್ತ ನೋಡಿತು.

ದೂರು ಇನ್ನೂ ಹಿಂದೆ ಪಡೆದಿಲ್ಲ.
ಅದೆಲಿನು ಬಂದಮೇಲೆ ಅವನೆದುರೇ ಹರಿಯೋಣ ಎಂದಿದ್ದೇನೆ.
ಬಂದರೆ.
ಅಲ್ಲಿಯವರೆಗೆ ಬೋಗುಣಿಗೆ ಭಾರಕ್ಕೆಂದು
ಒಂದು ಕಲ್ಲು ಹಾಕಿಟ್ಟಿದ್ದೇನೆ.