ಎರಡು ಬೆರಳಗಲ

ಕುತೈಸಿಯಲ್ಲಿ, ರಿಯೋನಿ ಹೊಳೆಯ ಸೇತುವೆ ದಾಟಿದರೆ
ಔಷಧದಂಗಡಿಯ ಮೇಲಿನ ಮಹಡಿ, ನಮ್ಮ ಹಲ್ಲಿನ ಆಸ್ಪತ್ರೆ.
ಕಡತಗಳ ಕಪಾಟಿಗೆ ನಾನು ಕಾವಲು.

ಡಾಕ್ಟರ್ ಎತೇರಿಯವರ ಬರಹ ದುಂಡಗೆ.
ಮೂವತ್ತೆರಡು ಹಲ್ಲಿಗೂ ಒಂದೊಂದು ಮನೆ:
ಯಾವುದು ಹುಳುಕು, ಯಾವುದಕ್ಕೆ ಬೆಳ್ಳಿ ತುಂಬಿದ್ದು,
ಯಾವುದರ ಬೇರು ಕೊಕ್ಕೆಯ ಹಾಗೆ ಡೊಂಕು,
ನೀಲಿ ಶಾಯಿ, ಕೆಂಪು ಶಾಯಿ.
ಅದರ ಕೆಳಗೆ ಎರಡು ಬೆರಳಗಲದ ಅಂಕಣ:
ಬೇರೆ ಕಾಯಿಲೆ, ನುಂಗುವ ಮಾತ್ರೆ, ಒಗ್ಗದ ಮದ್ದು.
ಅಲ್ಲಿ ಏನೂ ಇಲ್ಲ.
'ಇಲ್ಲ' ಎಂದೂ ಇಲ್ಲ.

ಗುರಾಮ್ ಬಂದದ್ದು ಒಂದು ಗುರುವಾರ,
ನಿಂತುಹೋದ ಟ್ರಾಲಿಬಸ್ಸುಗಳ ಹಳೇ ಮೆಕ್ಯಾನಿಕ್.
ಕೆಳದವಡೆ, ಎಡಗಡೆ, ಆರನೆಯದು.
ಬಾಯಿ ತೆರೆದರು, ಗಂಟಲು ಕಾಣುವಷ್ಟು.
ಬಾಯಿ ಬಿಡಲಿಲ್ಲ.
ನಾವೂ ಕೇಳಲಿಲ್ಲ.
ಹಲ್ಲು ಸಲೀಸಾಗಿ ಬಂತು.

ರಾತ್ರಿ ಎರಡಕ್ಕೆ ಹೆಂಡತಿ ನುನು ಫೋನು:
ಮೂರನೇ ಟವೆಲ್ಲು ನೆಂದಿದೆ, ನಿಲ್ಲುತ್ತಿಲ್ಲ.
ಎದೆಯೊಳಗೆ ಲೋಹದ ಕವಾಟ, ಮಗ್ಗುಲಲ್ಲಿ ಮಲಗಿದರೆ
ಟಿಕ್ ಟಿಕ್ ಕೇಳುತ್ತದಂತೆ.
ನಾಲ್ಕು ವರ್ಷದಿಂದ ರಕ್ತ ತೆಳುವಾಗಿಸುವ ಮಾತ್ರೆ.
ಕೇರಿಗೆಲ್ಲ ಗೊತ್ತು, ಸೊಪ್ಪು ಮಾರುವವಳಿಗೂ ಗೊತ್ತು.

ಬದುಕಿದರು. ಹೊಲಿಗೆ ಬಿತ್ತು, ಬೆಳಗಿನ ಹೊತ್ತಿಗೆ ನಿಂತಿತು.
ಸೋಮವಾರ ಡಾಕ್ಟರು, ಮುಖ ಕೊಡದೆ, ಕೈ ತೊಳೆಯುತ್ತ:
"ತಪಾಸಣೆಯವರು ಬರುತ್ತಾರೆ.
ಖಾಲಿ ಇರುವಲ್ಲೆಲ್ಲ 'ಇಲ್ಲ' ಎಂದು ಬರೆದುಬಿಡು."

ಪೆನ್ನು ಎತ್ತಿದೆ, ಮೊದಲ ಕಡತಕ್ಕೇ ಕೈ ತಡೆಯಿತು.
ಖಾಲಿ ಜಾಗ, ನಾಚಿಕೆಯಿಂದಾದರೂ,
ಕೇಳಲಿಲ್ಲ ಎಂದು ಒಪ್ಪಿಕೊಳ್ಳುತ್ತದೆ.
ಕೇಳದೆ ಬರೆದ 'ಇಲ್ಲ'
ಕೇಳಿದ್ದೆ ಎನ್ನುತ್ತದೆ.

ಆರುನೂರ ಹನ್ನೊಂದು ಕಡತ. ಊಟದ ಬಿಡುವಿನಲ್ಲಿ ಫೋನು ಮಾಡುತ್ತೇನೆ.
ಒಬ್ಬರು ಬೈದರು. ಒಬ್ಬರು ತುಟಿ ಎರಡು ಮಾಡದೆ ಇಟ್ಟರು.
ಲಾಮಾರಾ ಎಂಬ ಅಜ್ಜಿ, ತ್ಸ್ಕಾಲ್ತುಬೋದ ಆರೋಗ್ಯಧಾಮದಲ್ಲಿ
ಹನ್ನೆರಡನೇ ವಯಸ್ಸಿಗೆ ಚುಚ್ಚಿದ ಪೆನಿಸಿಲಿನ್,
ಹಿಡಿಯಲಾರದಷ್ಟು ಊದಿದ ನಾಲಿಗೆ,
ತನ್ನ ಬದಲು ಕೂಗಿ ನರ್ಸನ್ನು ಕರೆದ
ಪಕ್ಕದ ಮಂಚದ ಹುಡುಗಿಯ ಹೆಸರು,
ಅವಳ ಜಡೆಯ ಉದ್ದ, ಎಲ್ಲ ಹೇಳಿದರು.
ಎರಡು ಬೆರಳಗಲ ಸಾಲದೆ ಅಂಚಿಗೆ ಹತ್ತಿದೆ,
ಹಾಳೆ ಮಗುಚಿದೆ.
ಇನ್ನೊಂದು ಮನೆಯಲ್ಲಿ ಮಗ:
"ಅಪ್ಪ ಹೋಗಿ ಫೆಬ್ರುವರಿಗೆ ವರ್ಷವಾಯಿತು.
ಇದನ್ನು ಯಾವ ಅಂಕಣಕ್ಕೆ ಬರೀತೀರಿ?"
ಗೊತ್ತಾಗಲಿಲ್ಲ. ತಾರೀಖು ಹಾಕಿ, ಕಡತವನ್ನು ಮೇಜಿನ ಮೇಲೇ ಬಿಟ್ಟಿದ್ದೇನೆ.

ಇವತ್ತು ಗುರಾಮ್ ಮತ್ತೆ ಬಂದರು,
ಕೈಯಲ್ಲಿ ನುನು ಕಳಿಸಿದ ಎಳೆ ಅಕ್ರೋಟಿನ ಮುರಬ್ಬ.
ಕುರ್ಚಿಗೆ ಒರಗಿ, ಅಭ್ಯಾಸಬಲದಿಂದ,
ಕಣ್ಣು ಮುಚ್ಚಿ ಬಾಯಿ ತೆರೆದರು.

ಬಾಯಿ ಮುಚ್ಚಿ, ಎಂದೆ. ಮೊದಲು ಮುಚ್ಚಿ.
ಈಗ ಹೇಳಿ.

ಎಲ್ಲಿಂದ, ಎಂದರು.