ಟಚಿಂಗ್

ಹೈವೇ ಅಗಲವಾದಾಗ ಕುಂಬಳೆ ಪೇಟೆಯಲ್ಲಿ
ನನ್ನ ಸ್ಟುಡಿಯೋದ ಮುಂಭಾಗ ಹೋಯಿತು.
ಉಳಿದದ್ದು ಒಂದು ಕಂಪ್ಯೂಟರು, ನೀಲಿ ಪರದೆ,
ಸ್ಟೂಲಿನಲ್ಲಿ ಕೂತವರ ಗಲ್ಲ ನೇರ ಮಾಡುವ
ನನ್ನ ಎರಡು ಬೆರಳು.

ಅರ್ಜಿಗೆ ಫೋಟೋ ಬೇಕಾದವರು ಬರುತ್ತಾರೆ.
"ಸ್ವಲ್ಪ ಬೆಳ್ಳಗೆ ಮಾಡಿ" ಎನ್ನುತ್ತಾರೆ,
ಚಾಯಕ್ಕೆ ಸಕ್ಕರೆ ಹೇಳುವ ಹಾಗೆ.
ಮಾಡುತ್ತೇನೆ. ಇಪ್ಪತ್ತು ರೂಪಾಯಿ ಹೆಚ್ಚು.

ಸುಗುಣ ಬಂದದ್ದು ಮೇ ತಿಂಗಳ ನಡುಮಧ್ಯಾಹ್ನ.
ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಹತ್ತಿರ
ಮೂರು ಮಾಳಿಗೆಯ ಚಿನ್ನದಂಗಡಿ ತೆರೆಯುತ್ತದೆ,
ಹುಡುಗಿಯರು ಬೇಕಂತೆ.
ಮಲಯಾಳದ ನೋಟೀಸಿನಲ್ಲಿ ಕೇಳಿದ್ದು
ವಯಸ್ಸು, ಎತ್ತರ, ಪೂರ್ತಿ ನಿಂತ ಒಂದು ಫೋಟೋ.
ಲೆಕ್ಕ ಬರುತ್ತದೋ ಎಂದು ಎಲ್ಲೂ ಇರಲಿಲ್ಲ.

ಅವಳಿಗೆ ಬರುತ್ತಿತ್ತು.
ಕರೆಂಟು ಹೋಗಿ ಫ್ಯಾನು ನಿಂತ ಹೊತ್ತಿನಲ್ಲಿ
ನನ್ನ ಹೆಂಡತಿಯ ಕರಿಮಣಿಯ ತೂಕ ಕೇಳಿ
ಗ್ರಾಮು, ಮಜೂರಿ, ಸವಕಳಿ, ತೆರಿಗೆ
ಬಾಯಲ್ಲೇ ಕೂಡಿಸಿ ಹೇಳಿದಳು,
ಮೊದಲು ಕನ್ನಡದಲ್ಲಿ, ಆಮೇಲೆ ತುಳುವಿನಲ್ಲಿ, ಬ್ಯಾರಿಯಲ್ಲಿ.
"ಗಿರಾಕಿ ಯಾರಾಗಿರ್ತಾರೋ ಯಾರಿಗೆ ಗೊತ್ತು ಮಾಮ" ಎಂದು ನಕ್ಕಳು.
ನಗುವಾಗ ಎಡಗೆನ್ನೆಯ ಮಚ್ಚೆ ಅಲುಗಿತು.
ಹಣ್ಣಾದ ಗೇರಿನ ಬಣ್ಣ,
ಕಣ್ಣ ಕೆಳಗಿಂದ ದವಡೆಯವರೆಗೆ.

ತೆಗೆಯಿರಿ ಎಂದು ಅವಳು ಹೇಳಲಿಲ್ಲ.
ಇದನ್ನು ಎರಡು ಸಲ ಹೇಳುತ್ತೇನೆ, ಅವಳು ಹೇಳಲಿಲ್ಲ.
ಅವಳು ಹೋದ ಮೇಲೆ ನಾನೇ, ಒಳ್ಳೆಯದಾಗಲಿ ಎಂದು,
ಬಲಗೆನ್ನೆಯ ಚರ್ಮ ಚೂರುಚೂರು ಎತ್ತಿ
ಎಡಕ್ಕೆ ಅಂಟಿಸಿದೆ.
ಹನ್ನೊಂದು ನಿಮಿಷ. ದುಡ್ಡು ಬೇಡವೆಂದೆ.

ಒಂಬತ್ತನೆಯ ದಿನ ತಿರುಗಿ ಬಂದಳು.
"ಮ್ಯಾನೇಜರು ಫೋಟೋ ನೋಡಿದರು, ನನ್ನನ್ನು ನೋಡಿದರು,
ಪುನಃ ಫೋಟೋ ನೋಡಿದರು.
ಇದು ನಿನ್ನ ತಂಗಿಯಾ ಅಂತ ಕೇಳಿದರು.
ಹೌದು ಅಂದೆ, ಮತ್ತೇನು ಹೇಳುವುದು.
ತಂಗಿಯನ್ನು ಸೋಮವಾರದಿಂದ ಕಳಿಸು ಅಂದರು."

ಮೇಜಿನ ಮೇಲೆ ಅವರ ಒರೆಗಲ್ಲು ಇತ್ತಂತೆ.

ನನಗೆ ಐತಪ್ಪ ನೆನಪಾದ.
ಎಂಬತ್ತಾರನೆಯ ಇಸವಿ, ಶೆಣೈ ಮಾಮನ ಈ ಸ್ಟುಡಿಯೋಗೆ
ಒಂದೇ ಬೆಳಗ್ಗೆ ಇಬ್ಬರೂ ಕೆಲಸ ಕೇಳಿ ಬಂದವರು.
ಅವನು ಹೈಪೋ ಮೂಸಿ ಅದರ ವಯಸ್ಸು ಹೇಳುತ್ತಿದ್ದ.
ನಾನು ಕ್ಯಾಮೆರಾ ಮುಟ್ಟಿದವನೇ ಅಲ್ಲ,
ಅಲೆಅಲೆ ಕೂದಲಿತ್ತು, ಬಣ್ಣವಿತ್ತು.
"ಮದುವೆಮನೆಗೆ ಹೋಗಲಿಕ್ಕೆ ಮುಖ ಬೇಕು ಮಾರಾಯ"
ಎಂದು ಶೆಣೈ ಮಾಮ ನನ್ನನ್ನು ಎದುರು ಕೂರಿಸಿದರು.
ಐತಪ್ಪನಿಗೆ ಡಾರ್ಕ್‌ರೂಮು.

ಹತ್ತೊಂಬತ್ತು ವರ್ಷ
ನಾನು ಹಾಳುಮಾಡಿ ತಂದ ಬೆಳಕನ್ನೆಲ್ಲ
ಕೆಂಪು ಬಲ್ಬಿನ ಕೆಳಗೆ ಅವನು ರಿಪೇರಿ ಮಾಡಿದ.
ನನ್ನ ಕೈಗುಣವನ್ನು ಜನ ಹೊಗಳಿದರು.
ಅಲ್ಲ, ಅವನದ್ದು ಎಂದು ಒಮ್ಮೆ ಹೇಳಬಹುದಿತ್ತು,
ಗಿರಾಕಿಗಳಿದ್ದರು, ಹೊತ್ತಾಗಿರುತ್ತಿತ್ತು.
ಡಿಜಿಟಲ್ ಬಂತು. ಡಾರ್ಕ್‌ರೂಮಿನ ಜೊತೆಗೆ ಅವನೂ ಹೋದ.
ಅಂಗಡಿ ನನ್ನ ಹೆಸರಿಗೆ ಬಂತು.
ಊರಿನ ಮುಖಗಳನ್ನೆಲ್ಲ ತೊಳೆದು ಒಣಗಿಸಿದವನದ್ದು
ಒಂದು ಪಾಸ್‌ಪೋರ್ಟ್ ಸೈಜೂ ನನ್ನಲ್ಲಿಲ್ಲ.

"ಮೊದಲಿನದ್ದು ಇದೆಯಾ?" ಕೇಳಿದಳು ಸುಗುಣ.
ಇರಲಿಲ್ಲ. ಅದರ ಮೇಲೆಯೇ ಸೇವ್ ಮಾಡಿದ್ದೆ.

ಪರದೆ ಸರಿಸಿಕೊಂಡು ಅವಳೇ ಸ್ಟೂಲಿನಲ್ಲಿ ಕೂತಳು,
ಎಡಗೆನ್ನೆ ದೀಪದ ಕಡೆಗೆ.
"ತೆಗೆಯಿರಿ" ಎಂದಳು.
ನನ್ನ ಕಸುಬಿನಲ್ಲಿ ಈ ಮಾತಿಗೆ ಎರಡರ್ಥ,
ಅವಳ ಕಣ್ಣಿನಲ್ಲಿ ಒಂದೇ ಇತ್ತು.
"ಯಾವ ಅರ್ಜಿಗೆ?"
"ಇನ್ನೂ ಕರೆದಿಲ್ಲ."

ಗಲ್ಲ ನೇರ ಮಾಡಲು ಹೋದ ಬೆರಳು
ಅರ್ಧದಲ್ಲಿ ನಿಂತಿತು.
ಹೊರಗೆ ತಲಪಾಡಿ ಬಸ್ಸು ಹಾದುಹೋಗಿ
ಸ್ಟ್ಯಾಂಡು ನಡುಗಿತು.
ಅದು ನಿಲ್ಲಲಿ ಎಂದು ಇಬ್ಬರೂ ಕಾದೆವು.